ಸರಕು ವಿಮಾನದ ಪೈಲಟ್: ರಾಜೀನಾಮೆ ಬರೆದುಕೊಡುವ ಮುಂಚೆ

ಪ್ರಶ್ನೆ (ಚಿಂತಾಮಣಿಯಿಂದ): ನನ್ನ ತಮ್ಮ ಒಂದು ಸರಕು ವಿಮಾನ ಕಂಪನಿಯಲ್ಲಿ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್. ಬೋಯಿಂಗ್ 737-800 ಫ್ರೈಟರ್ (ಸರಕು ವಿಮಾನ) ಹಾರಿಸ್ತಾನೆ, ಸೇರಿ 2 ವರ್ಷ 8 ತಿಂಗಳಾಯ್ತು. ಮೊದಲು ತಿಂಗಳಿಗೆ 55 ಗಂಟೆ ಹಾರಾಟ ಇರ್ತಿತ್ತು, ಈಗ 20 ದಾಟುತ್ತಿಲ್ಲ. ವಹಿವಾಟು ಬಿದ್ದಿದೆ, ಮೂರು ತಿಂಗಳು ಸಂಬಳವಿಲ್ಲದ ರಜೆ ಹಾಕಿ, ಇಲ್ಲ ರಾಜೀನಾಮೆ ಕೊಡಿ ಅಂತ ಬಾಯಿಮಾತಲ್ಲಿ ಹೇಳಿದ್ದಾರೆ. ಟೈಪ್ ರೇಟಿಂಗ್ (ಆ ಮಾದರಿ ವಿಮಾನ ಹಾರಿಸೋ ಅರ್ಹತೆ) ತರಬೇತಿಗೆ ಬರೆದುಕೊಟ್ಟ ಬಾಂಡ್, ಅಂದರೆ ಇಷ್ಟು ಕಾಲ ಬಿಡಲ್ಲ, ಬಿಟ್ಟರೆ ಹಣ ಕೊಡ್ತೀನಿ ಅನ್ನೋ ಒಪ್ಪಂದ, ಇನ್ನೂ ಮುಗಿದಿಲ್ಲ. ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ತಿಳಿದವರು ಹೇಳಿ.

ಉತ್ತರ (ಸರಕು ವಿಮಾನದ ಕ್ಯಾಪ್ಟನ್): ರಾಜೀನಾಮೆ ಬೇಡ. ರಾಜೀನಾಮೆ ಅಂದರೆ ತಾನಾಗಿ ಬಿಟ್ಟ ಅಂತಲೇ ದಾಖಲೆ ಆಗುತ್ತೆ. ಪರಿಹಾರ ಹೋಗುತ್ತೆ, ಬಾಂಡ್ ಹಣ ಕೇಳೋಕೆ ಅವರಿಗೆ ದಾರಿ ಸಿಗುತ್ತೆ. ವಿಮಾನಯಾನ ನಿಯಂತ್ರಕ ಡಿಜಿಸಿಎಯ 2017ರ ನಿಯಮದಂತೆ ಶೆಡ್ಯೂಲ್ಡ್ (ನಿಗದಿತ ವೇಳಾಪಟ್ಟಿಯಲ್ಲಿ ಹಾರುವ) ಏರ್‌ಲೈನ್ ಬಿಡುವ ಕಮಾಂಡರ್‌ಗೆ, ಅಂದರೆ ಕ್ಯಾಪ್ಟನ್‌ಗೆ, 1 ವರ್ಷ, ಫಸ್ಟ್ ಆಫೀಸರ್‌ಗೆ 6 ತಿಂಗಳು ನೋಟಿಸ್ ಇದೆ. ಕಂಪನಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೊಟ್ಟು ಬೇಗ ಕಳಿಸಬಹುದು, ಆದರೆ ‘ತಕ್ಷಣದಿಂದ’ ಅಂತ ತಮ್ಮನೇ ಬರೆದುಕೊಟ್ಟರೆ ಆ 6 ತಿಂಗಳ ಸಂಬಳ ಕೈಬಿಟ್ಟಂತೆ. ನೋಟಿಸ್ ಅವಧಿಯಲ್ಲಿ ಕಂಪನಿ ಸಂಬಳ, ಸವಲತ್ತು ಕಡಿತ ಮಾಡಿದರೆ ಬೇಗ ಬಿಡುಗಡೆ ಕೇಳೋ ಅವಕಾಶವೂ ಅದೇ ನಿಯಮದಲ್ಲಿದೆ. ಕಂಪನಿ ನಾನ್ ಶೆಡ್ಯೂಲ್ಡ್ ಆಗಿದ್ದರೆ ನೇಮಕಾತಿ ಒಪ್ಪಂದ ಏನು ಹೇಳುತ್ತೆ ನೋಡಿ.

ಬಾಯಿಮಾತನ್ನ ಇವತ್ತೇ ಕಾಗದಕ್ಕೆ ತನ್ನಿ. ಸಂಜೆಯೊಳಗೆ ನಿಮ್ಮ ತಮ್ಮ ಒಂದು ಇಮೇಲ್ ಹಾಕಲಿ, ನಾಲ್ಕೇ ಸಾಲು: ಇಂಥ ದಿನ ಇಂಥವರು ಹೀಗೆ ಹೇಳಿದರು, ನಾನು ಡ್ಯೂಟಿಗೆ ಫಿಟ್ ಇದ್ದೇನೆ, ಸಿದ್ಧನಿದ್ದೇನೆ, ರಜೆ ಆದರೆ ಶುರು ಮತ್ತು ಕೊನೆಯ ದಿನಾಂಕ ತಿಳಿಸಿ, ಆ ಅವಧಿಯ ಪಿಎಫ್, ಆರೋಗ್ಯ ವಿಮೆ, ಸಿಮ್ಯುಲೇಟರ್ ಖರ್ಚು ಯಾರದು ತಿಳಿಸಿ. ಪ್ರತಿಯನ್ನ ಸ್ವಂತ ಇಮೇಲ್‌ಗೂ ಹಾಕಿಕೊಳ್ಳಲಿ. ಕಂಪನಿ ಲಾಗಿನ್ ಮುಚ್ಚಿದ ಮೇಲೆ ಅಳೋರು ಬಹಳ.

ಇನ್ನು ಆ ಮೂರು ತಿಂಗಳ ಲೆಕ್ಕ. 90 ದಿನದೊಳಗೆ 3 ಟೇಕಾಫ್, 3 ಲ್ಯಾಂಡಿಂಗ್ ಇರಲೇಬೇಕು. ಮೂರು ತಿಂಗಳು ಅಂದರೆ ಸಾಮಾನ್ಯವಾಗಿ 91, 92 ದಿನ. ಹಿಂದಿನ ತಿಂಗಳ 25ಕ್ಕೆ ಕೊನೇ ಲ್ಯಾಂಡಿಂಗ್ ಮಾಡಿ 1ನೇ ತಾರೀಕಿನಿಂದ ರಜೆಗೆ ಹೋದವನು ವಾಪಸ್ ಬರೋ ಹೊತ್ತಿಗೆ ರೀಸೆನ್ಸಿ, ಅಂದರೆ ಇತ್ತೀಚೆಗೆ ಹಾರಿಸಿದ ಅರ್ಹತೆ, ಕಳೆದುಕೊಂಡಿರ್ತಾನೆ. ಆಗ ಸಿಮ್ಯುಲೇಟರ್ ಬೇಕು, ಅದರ ಸ್ಲಾಟ್ ಕಂಪನಿ ಕೈಲಿರುತ್ತೆ. ಜೊತೆಗೆ 6 ತಿಂಗಳಿಗೊಮ್ಮೆಯ ಪ್ರಾವೀಣ್ಯ ಪರೀಕ್ಷೆ ಪಿಪಿಸಿ, ವರ್ಷಕ್ಕೊಮ್ಮೆ ಇನ್‌ಸ್ಟ್ರುಮೆಂಟ್ ರೇಟಿಂಗ್ (ಉಪಕರಣ ನೋಡಿಯೇ ಹಾರಿಸೋ ಅರ್ಹತೆ), 24 ತಿಂಗಳಿಗೊಮ್ಮೆ ಅಪಾಯಕಾರಿ ಸರಕಿನ ತರಬೇತಿ. ಇವುಗಳಲ್ಲಿ ಯಾವುದು ರಜೆಯಲ್ಲಿ ಮುಗಿಯುತ್ತೆ ಅಂತ ಕ್ಯಾಲೆಂಡರಲ್ಲಿ ಗುರುತು ಹಾಕಿ. ರಜೆ ತಪ್ಪಲ್ಲ ಅನ್ನೋದಾದರೆ ಒಂದೇ ಗಂಟಲ್ಲಿ ಮೂರು ತಿಂಗಳು ಬೇಡ, ತಿಂಗಳು ಬಿಟ್ಟು ತಿಂಗಳು ಕೊಡಿ ಅಂತ ಕೇಳಿ. ರೀಸೆನ್ಸಿ ಉಳಿಯುತ್ತೆ, ಕಂಪನಿಗೂ ಸಿಮ್ಯುಲೇಟರ್ ಖರ್ಚು ಮಿಗುತ್ತೆ. ಈ ಮಾತಿಗೆ ಒಪ್ಪೋ ಕಂಪನಿಗಳು ಇವೆ.

ಲಾಗ್‌ಬುಕ್ ಈಗಲೇ ಸರಿಮಾಡಿಸಿ. ಕ್ಯಾಪ್ಟನ್ ಆಗೋಕೆ ಬೇಕಾದ ಲೈಸೆನ್ಸ್ ಎಟಿಪಿಎಲ್‌ಗೆ 1500 ಗಂಟೆ ಬೇಕು. ಅದರಲ್ಲಿ ಪಿ1 ಅಂಡರ್ ಸೂಪರ್‌ವಿಷನ್ (ಕ್ಯಾಪ್ಟನ್ ನಿಗಾದಲ್ಲಿ ಕ್ಯಾಪ್ಟನ್ ಕೆಲಸ ಮಾಡಿದ್ದು) ಅಂತ ಬರೆದುಕೊಂಡ ಗಂಟೆಗಳಿಗೆ ಜೊತೆ ಹಾರಿದ ಕ್ಯಾಪ್ಟನ್ ಸಹಿ ಇರಬೇಕು. ಕಂಪನಿ ಚೆದುರಿದ ಮೇಲೆ ಆ ಕ್ಯಾಪ್ಟನ್‌ಗಳನ್ನ ಎಲ್ಲಿ ಹುಡುಕೋದು?

ಉತ್ತರ (ಕಾರ್ಮಿಕ ಕಾನೂನು ವಕೀಲರು, ಕೋಲಾರ): ಕ್ಯಾಪ್ಟನ್ ಹೇಳಿದ್ದಕ್ಕೆ ಕಾನೂನಿನ ಲೆಕ್ಕ ಸೇರಿಸುತ್ತೇನೆ. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಲ್ಲಿದೆ. ಕಂಪನಿಯೇ ಕೆಲಸದಿಂದ ತೆಗೆದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ಸಂಬಳ. 6 ತಿಂಗಳು ದಾಟಿದ ಭಾಗವೂ ಪೂರ್ಣ ವರ್ಷವೇ. 2 ವರ್ಷ 8 ತಿಂಗಳು ಅಂದರೆ 3 ವರ್ಷ, ಅಂದರೆ 45 ದಿನದ ಸಂಬಳ. ಮರುತರಬೇತಿ ನಿಧಿಯಿಂದ ಇನ್ನೂ 15 ದಿನದ ವೇತನ. ಕೊನೆಗೆ ಸೇರಿದವರು ಮೊದಲು ಹೋಗಬೇಕು ಎಂಬುದು ಸಾಮಾನ್ಯ ನಿಯಮ. ಅದನ್ನು ಮುರಿದರೆ ಕಂಪನಿ ಕಾರಣ ದಾಖಲಿಸಬೇಕು. ಹಾಗಾಗಿ ಸೀನಿಯಾರಿಟಿ ಪಟ್ಟಿ ಕೇಳಿ ಪಡೆಯಿರಿ. ಒಂದು ವರ್ಷದೊಳಗೆ ಮತ್ತೆ ನೇಮಕ ಮಾಡಿಕೊಂಡರೆ ತೆಗೆದವರಿಗೇ ಮೊದಲ ಅವಕಾಶ.

ಪೈಲಟ್ ‘ಕಾರ್ಮಿಕ’ ಅಲ್ಲ, ಮೇಲ್ವಿಚಾರಕ ಅಂತ ಕಂಪನಿ ವಾದಿಸುತ್ತೆ. ಪೈಲಟ್‌ಗಳು ಕಾರ್ಮಿಕರೇ ಎಂದು ಹಳೆಯ ಕಾಯ್ದೆಯಡಿ ದೆಹಲಿ ಹೈಕೋರ್ಟ್ ಹೇಳಿದೆ. ಫಸ್ಟ್ ಆಫೀಸರ್ ವಿಚಾರದಲ್ಲಂತೂ ಮೇಲ್ವಿಚಾರಣೆಯ ವಾದ ಇನ್ನೂ ದುರ್ಬಲ. ಆದರೆ ಬಾಂಡ್ ಬಗ್ಗೆ ‘ಅದಕ್ಕೇನು ಬೆಲೆ ಇಲ್ಲ ಬಿಡಿ’ ಅನ್ನೋರ ಮಾತು ಕೇಳಬೇಡಿ. ನಮ್ಮ ಕರ್ನಾಟಕದಿಂದಲೇ ಹೋದ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಬಾಂಡನ್ನು ಎತ್ತಿಹಿಡಿದಿದೆ. ಒಪ್ಪಂದದಲ್ಲಿ ಎರಡು ಸಾಲು ಹುಡುಕಿ: ಕಂಪನಿಯೇ ತೆಗೆದರೆ ಬಾಂಡ್ ಏನಾಗುತ್ತೆ, ಸೇವೆ ಮಾಡಿದ ತಿಂಗಳಿಗೆ ತಕ್ಕಂತೆ ಮೊತ್ತ ಇಳಿಯುತ್ತಾ.

ಪ್ರಶ್ನೆ (ಮಾಲೂರಿನಿಂದ): ನರಸಾಪುರದಿಂದ ಲೋಡ್‌ಗಟ್ಟಲೆ ಫೋನು, ಚಿಕ್ಕಬಳ್ಳಾಪುರದ ಕಡೆಯಿಂದ ಗುಲಾಬಿ ಹೋಗ್ತಾನೇ ಇದೆಯಲ್ಲ. ಮತ್ತೆ ಸರಕು ಪೈಲಟ್‌ಗಳಿಗೆ ಕೆಲಸ ಯಾಕೆ ಕಮ್ಮಿ?

ಉತ್ತರ (ಕ್ಯಾಪ್ಟನ್): ಸರಕು ಹಾರಿದ ಮಾತ್ರಕ್ಕೆ ನಮ್ಮವರೇ ಹಾರಿಸ್ತಾರೆ ಅಂತಲ್ಲ. ದೇವನಹಳ್ಳಿಯಿಂದ ಹೊರದೇಶಕ್ಕೆ ಹೋಗುವ ಸರಕಲ್ಲಿ ದೊಡ್ಡ ಪಾಲು ವಿದೇಶಿ ಕಂಪನಿಗಳ ವಿಮಾನದಲ್ಲಿ, ಅದರಲ್ಲೂ ಬಹಳಷ್ಟು ಪ್ರಯಾಣಿಕ ವಿಮಾನದ ಹೊಟ್ಟೆಯಲ್ಲಿ ಹೋಗುತ್ತೆ. ನಮ್ಮ ದೇಶದ ಫ್ರೈಟರ್‌ಗಳ ಮುಖ್ಯ ಕೆಲಸ ರಾತ್ರಿ ಊರಿಂದೂರಿಗೆ ಕೊರಿಯರ್, ಆನ್‌ಲೈನ್ ಪಾರ್ಸೆಲ್ ಸಾಗಣೆ. ಜನ ಖರೀದಿ ಇಳಿಸಿದ ಕೂಡಲೇ ಇದಕ್ಕೆ ಏಟು. ಪಾರ್ಸೆಲ್ ಕಂಪನಿ ಮೊದಲು ಲಾರಿಗೆ ತಿರುಗುತ್ತೆ, ಆಮೇಲೆ ಪ್ರಯಾಣಿಕ ವಿಮಾನದ ಹೊಟ್ಟೆಗೆ. ಸುಮಾರು 23 ಟನ್ ಹೊರುವ 737-800 ಫ್ರೈಟರ್ ಅರ್ಧ ತುಂಬಿದರೂ ಇಂಧನ, ಲ್ಯಾಂಡಿಂಗ್ ಶುಲ್ಕ, ಸಿಬ್ಬಂದಿ ಖರ್ಚು ಅರ್ಧ ಆಗಲ್ಲ.

ದೊಡ್ಡವರಿಗೂ ಇದು ತಪ್ಪಿಲ್ಲ. ಕೋವಿಡ್ ಕಾಲದ ಭರಾಟೆ ಇಳಿದ ಮೇಲೆ 2023ರಲ್ಲಿ ಅಮೆರಿಕದ ಯುಪಿಎಸ್ ಪೈಲಟ್‌ಗಳಿಗೆ ಸ್ವಯಂ ನಿರ್ಗಮನ ಪ್ಯಾಕೇಜ್ ಕೊಟ್ಟಿತು. ಫೆಡ್‌ಎಕ್ಸ್ ತನ್ನ ಪೈಲಟ್‌ಗಳಿಗೆ ಒಂದು ಪ್ರಾದೇಶಿಕ ಪ್ರಯಾಣಿಕ ಕಂಪನಿ ಕಡೆ ದಾರಿ ತೋರಿಸಿತು.

ಪ್ರಶ್ನೆ (ತಿಪಟೂರಿನಿಂದ): ನನ್ನ ಹತ್ರ ಸಿಪಿಎಲ್ (ವಾಣಿಜ್ಯ ಪೈಲಟ್ ಲೈಸೆನ್ಸ್) ಇದೆ. ಹಾಗಾದರೆ ಸರಕು ಕಂಪನಿಗೆ ಹೋಗಲೇಬಾರದಾ?

ಉತ್ತರ (ಕ್ಯಾಪ್ಟನ್): ಹೋಗಬಹುದು, ವಿಮಾನ ನೋಡಿ ಹೋಗಿ. 737-800 ಅಥವಾ ಎ320, ಎ321 ಫ್ರೈಟರ್ ರೇಟಿಂಗ್ ಇದ್ದರೆ ಅದೇ ರೇಟಿಂಗ್ ಪ್ರಯಾಣಿಕ ವಿಮಾನಕ್ಕೂ ಆಗುತ್ತೆ. ಬೋಯಿಂಗ್ 757 ಒಳ್ಳೆಯ ವಿಮಾನ, ಆದರೆ ನಮ್ಮ ದೇಶದಲ್ಲಿ ಅದನ್ನ ಹಾರಿಸೋ ಪ್ರಯಾಣಿಕ ಕಂಪನಿ ಇಲ್ಲ. ಕೆಲಸ ಹೋದರೆ ಹೊಸ ಟೈಪ್ ರೇಟಿಂಗ್‌ಗೆ ಮತ್ತೆ ಲಕ್ಷಗಟ್ಟಲೆ ಬೇಕು. ಸಂದರ್ಶನದಲ್ಲಿ ಸಂಬಳದ ಜೊತೆ ಇನ್ನೆರಡು ಕೇಳಿ: ತಿಂಗಳಿಗೆ ಖಾತ್ರಿ ಗಂಟೆ ಎಷ್ಟು, ನಿಮ್ಮ ಸರಕು ಎಷ್ಟು ಗ್ರಾಹಕರದ್ದು. ಒಬ್ಬನೇ ಗ್ರಾಹಕ ಅಂದರೆ ಅವನ ಗುತ್ತಿಗೆ ಯಾವತ್ತು ಮುಗಿಯುತ್ತೆ ಅಂತಲೂ ಕೇಳಿ.

ಪ್ರಶ್ನೆ (ಚಿಂತಾಮಣಿಯಿಂದ): ಇಮೇಲ್ ಈಗ ಬರೀತಿದ್ದಾನೆ. ಲೈಸೆನ್ಸ್ ನಷ್ಟದ ವಿಮೆ ಇದೆ, ಅದರಿಂದ ಏನಾದ್ರೂ ಸಿಗುತ್ತಾ?

ಉತ್ತರ (ಕ್ಯಾಪ್ಟನ್): ಸಿಗಲ್ಲ. ಅದು ವೈದ್ಯಕೀಯವಾಗಿ ಅನ್‌ಫಿಟ್ ಆದವರಿಗೆ, ಕೆಲಸ ಹೋದವರಿಗಲ್ಲ. ಆದರೆ ಕಂಪನಿ ಗ್ರೂಪ್ ಪಾಲಿಸಿ ಆಗಿದ್ದರೆ ಕೆಲಸದ ಜೊತೆಗೇ ಹೋಗಬಹುದು, ಸ್ವಂತ ಹೆಸರಿಗೆ ಮುಂದುವರಿಸೋಕೆ ಆಗುತ್ತಾ ವಿಚಾರಿಸಿ. ಮೆಡಿಕಲ್ (ವೈದ್ಯಕೀಯ ಫಿಟ್‌ನೆಸ್ ಪ್ರಮಾಣಪತ್ರ) ಯಾವ ತಿಂಗಳಿಗೆ ಮುಗಿಯುತ್ತೆ ನೋಡಿ, ರಜೆಯ ನಡುವೆ ಬಂದರೆ ಮೊದಲೇ ಅಪಾಯಿಂಟ್‌ಮೆಂಟ್ ಹಿಡಿಯಿರಿ. ಮೆಡಿಕಲ್ ಇಲ್ಲದವನನ್ನ ಹೊಸ ಕಂಪನಿ ಸಂದರ್ಶನಕ್ಕೂ ಕರೆಯಲ್ಲ.