ಓಟ-ಸೈಕಲ್-ಓಟ ರೇಸಿಗೆ ಯಾವ ಶೂ? ಸೈಕಲ್ ತುಳಿಯುವಾಗ ಪಾದ ಜೋಮು ಹಿಡಿಯುತ್ತಿದೆ

ಮಣ್ಣುದಾರಿ:
ಎಲ್ಲರಿಗೂ ನಮಸ್ಕಾರ. ಅಕ್ಟೋಬರಿನಲ್ಲಿ ಸಕಲೇಶಪುರದ ಕಡೆ ಒಂದು ರೇಸಿಗೆ ಹೆಸರು ಕೊಟ್ಟಿದ್ದೇನೆ. ಮೊದಲು ಕಾಫಿ ತೋಟದ ದಾರಿಯಲ್ಲಿ 7 ಕಿ.ಮೀ. ಓಟ, ಆಮೇಲೆ 28 ಕಿ.ಮೀ. ಎಂಟಿಬಿ (ಮೌಂಟನ್ ಬೈಕ್), ಕೊನೆಗೆ 11 ಕಿ.ಮೀ. ಗುಡ್ಡದ ಓಟ. ಆ ಗುಡ್ಡದಲ್ಲಿ ಹಳ್ಳವನ್ನೂ ದಾಟಬೇಕು. ನನ್ನ ಹತ್ತಿರ ಮಣ್ಣುದಾರಿ, ಗುಡ್ಡದಲ್ಲಿ ಓಡುವ ಟ್ರೇಲ್ ಶೂ ಇದೆ. ಸೈಕಲ್‌ನಲ್ಲಿರುವುದು ಕೊಂಡಾಗ ಬಂದ ಪ್ಲಾಸ್ಟಿಕ್ ಪೆಡಲ್. ಒಂದು ಗಂಟೆ ತುಳಿಯುವಷ್ಟರಲ್ಲಿ ಎರಡೂ ಪಾದದ ಮುಂಭಾಗ ಉರಿದು ಜೋಮು ಹಿಡಿಯುತ್ತದೆ. ಇಳಿದು ಓಡಿದರೆ ಹಿಮ್ಮಡಿಯಲ್ಲಿ ಬೊಬ್ಬೆ. ಪೆಡಲ್‌ಗೆ ಸಿಕ್ಕಿಸಿಕೊಳ್ಳುವ ಕ್ಲಿಪ್ ಶೂ ತಗೊಳ್ಳಿ ಅಂತ ಗೆಳೆಯರು ಹೇಳುತ್ತಿದ್ದಾರೆ. ಶೂ, ಪೆಡಲ್ ಎರಡೂ ಅಂದರೆ ದುಡ್ಡು ಜಾಸ್ತಿ. ತಗೊಳ್ಳಲೇಬೇಕಾ?

ಘಾಟಿಸೈಕಲ್:
ಮೊದಲು ಇಷ್ಟು ಹೇಳಿ. ಓಟಕ್ಕೆ ಕಟ್ಟಿದಷ್ಟೇ ಬಿಗಿಯಾಗಿ ಲೇಸ್ ಸೈಕಲ್ ಮೇಲೂ ಇರುತ್ತದಾ? ಪಾದದ ಯಾವ ಭಾಗದಿಂದ ತುಳಿಯುತ್ತೀರಿ? ಸೈಕಲ್ ಹಂತ ಶುರುವಾದ ಜಾಗದಲ್ಲೇ ಮುಗಿಯುತ್ತದಾ, ಬೇರೆ ಕಡೆನಾ?

ಮಣ್ಣುದಾರಿ:
ಲೇಸ್ ಮುಟ್ಟುವುದೇ ಇಲ್ಲ, ಅದೇ ಬಿಗಿ. ಹೆಚ್ಚುಕಡಿಮೆ ಬೆರಳಲ್ಲೇ ತುಳಿಯುತ್ತೇನೆ ಅನ್ನಿಸುತ್ತದೆ. ಸೈಕಲ್ ಮುಗಿಯುವುದು ಬೇರೆ ಕಡೆ. ಬ್ಯಾಗ್ ಸಾಗಿಸುವ ವ್ಯವಸ್ಥೆ ಇಲ್ಲವಂತೆ.

ಘಾಟಿಸೈಕಲ್:
ಹಾಗಾದರೆ ಕ್ಲಿಪ್ ಶೂ ಮಾತು ಅಲ್ಲಿಗೇ ಮುಗಿಯಿತು. ಓಟದ ಶೂ ಬೆನ್ನ ಮೇಲೆ ಹೊತ್ತು 28 ಕಿ.ಮೀ. ಯಾರು ತುಳಿಯುತ್ತಾರೆ? ಶೂ ಇದೇ ಇರಲಿ, ಪೆಡಲ್ ಬದಲಾಯಿಸಿ.

ಓಡುವಾಗ ಬಾಗಲಿ ಅಂತಲೇ ಟ್ರೇಲ್ ಶೂವಿನ ಅಡಿ ಮೆತ್ತಗಿರುತ್ತದೆ. ಚಿಕ್ಕ ಪೆಡಲ್ ಮೇಲೆ ಅದು ಮಡಚಿಕೊಂಡು, ಭಾರವೆಲ್ಲ ಒಂದು ಸಣ್ಣ ಪಟ್ಟಿಯ ಮೇಲೆ ಬೀಳುತ್ತದೆ. ಬೆರಳುಗಳ ಬುಡದ ನರ ಒತ್ತಿಹೋಗುತ್ತದೆ. ಅದೇ ಹೊತ್ತಿಗೆ ಪಾದ ಊದಿರುತ್ತದೆ, ಮೇಲಿಂದ ಲೇಸ್ ಬಿಗಿ. ಜೋಮು ಹಿಡಿಯದೆ ಇನ್ನೇನು?

ಸುಮಾರು 100 ಮಿ.ಮೀ. ಅಗಲದ, ಶೂ ಅಡಿಯನ್ನು ಕಚ್ಚಿ ಹಿಡಿಯುವ ಪಿನ್ ಇರುವ ಫ್ಲಾಟ್ (ಚಪ್ಪಟೆ) ಪೆಡಲ್ ಹಾಕಿ. ನೈಲಾನ್‌ನದ್ದೇ ಸಾಕು. ಬೆರಳ ಬುಡದ ಉಬ್ಬು ಪೆಡಲ್ ಅಚ್ಚಿಗಿಂತ ತುಸು ಮುಂದೆ ಇರಲಿ. ಪಾದ ಮುಂದೆ ಹೋದಾಗ ಸೀಟು ಎತ್ತರ ಅನ್ನಿಸಿದರೆ ಕೆಲವು ಮಿ.ಮೀ. ಇಳಿಸಿ. ಸೈಕಲ್ ಹತ್ತುವ ಮೊದಲು ಲೇಸ್ ಸಡಿಲ ಮಾಡಿ, ತುದಿಯನ್ನು ಒಳಗೆ ಸಿಕ್ಕಿಸಿ. ಬಲಗಾಲಿನದು ಚೈನ್‌ಗೆ ಸಿಕ್ಕಿದರೆ ರೇಸ್ ಮುಗಿದಂತೆ. ಎಳೆದರೆ ಬಿಗಿಯಾಗುವ ಎಲಾಸ್ಟಿಕ್ ಲೇಸ್ ಹಾಕಿಕೊಂಡರೆ ಈ ರಗಳೆ ಕಡಿಮೆ.

ಪೆಡಲ್ ನೀವೇ ಬಿಚ್ಚುವುದಾದರೆ ನೆನಪಿಡಿ, ಎಡಗಡೆಯದಕ್ಕೆ ಉಲ್ಟಾ ಥ್ರೆಡ್. 15ರ ಸ್ಪ್ಯಾನರ್ ಬೇಕು. ಹೊಸದು ಕೊಳ್ಳುವಾಗ ನಿಮ್ಮ ಕ್ರ್ಯಾಂಕ್‌ನಲ್ಲಿ (ಪೆಡಲ್ ಕೂರುವ ತೋಳು) ಥ್ರೆಡ್ 9/16 ಇಂಚಿನದಾ ಅಂತ ನೋಡಿ. ಎಂಟಿಬಿಯಲ್ಲಿ ಸಾಮಾನ್ಯವಾಗಿ ಅದೇ ಇರುತ್ತದೆ.

ಕ್ರೈಸ್ಟ್‌ಚರ್ಚ್‌ಕನ್ನಡಿಗ:
ಒಪ್ಪುತ್ತೇನೆ, ಆದರೆ ಎಲ್ಲ ರೇಸಿಗೂ ಇದೇ ಉತ್ತರ ಅಲ್ಲ. ನಮ್ಮ ನ್ಯೂಜಿಲೆಂಡಿನ ಕೋಸ್ಟ್ ಟು ಕೋಸ್ಟ್ ರೇಸ್ 1983ರಿಂದ ನಡೆಯುತ್ತಿದೆ, ಒಟ್ಟು 243 ಕಿ.ಮೀ. ಕಡಲ ತೀರದಿಂದ 2.2 ಕಿ.ಮೀ. ಓಡಿ, ತಕ್ಷಣ 55 ಕಿ.ಮೀ. ರೋಡ್ ಸೈಕಲ್. ಟಾರ್ ರಸ್ತೆ, ಗುಂಪಿನ ವೇಗ. ಅಲ್ಲಿ ಗಟ್ಟಿ ಅಡಿಯ ಕ್ಲಿಪ್ ಶೂ ಹಾಕದವರೇ ಸೋಲುತ್ತಾರೆ. ಸೈಕಲ್ ಮುಗಿಯುವ ಕಡೆ ಓಟದ ಶೂ ಹಿಡಿದು ಸಹಾಯಕರು ಕಾಯುತ್ತಿರುತ್ತಾರೆ ಬೇರೆ. ನಿಮಗೆ ಆ ಭಾಗ್ಯ ಇಲ್ಲ ಬಿಡಿ!

ಆದರೆ ಅದರ ಮುಂದಿನ ಹಂತ ನಿಮಗೂ ಉಪಯೋಗಕ್ಕೆ ಬರುತ್ತದೆ. ಗೋಟ್ ಪಾಸ್ ಎಂಬ ಬೆಟ್ಟದ ಕಣಿವೆದಾರಿ ದಾಟುವ ಸುಮಾರು 30 ಕಿ.ಮೀ. ಓಟದಲ್ಲಿ ಡಿಸೆಪ್ಷನ್ ನದಿಗೆ ಮತ್ತೆ ಮತ್ತೆ ಇಳಿಯಬೇಕು. ಶೂ ಒಳಗೆ ನೀರು ಬಂದೇ ಬರುತ್ತದೆ, ಬೇಗ ಹೊರಗೆ ಹೋಗಬೇಕು ಅಷ್ಟೇ. ಹಾಗಾಗಿ ನೀರು ಒಳಗೆ ಬಿಡದ ಗೋರ್‌ಟೆಕ್ಸ್ ಪದರದ ಶೂ ಬೇಡ. ಮೇಲಿಂದ ಒಮ್ಮೆ ನೀರು ತುಂಬಿದರೆ ಅಲ್ಲೇ ಕೂತುಬಿಡುತ್ತದೆ. ಜಾಲರಿ ಬಟ್ಟೆಯ ಶೂ ನೋಡಿ.

ಇಂಬಳ:
ಮಲೆನಾಡಿನವನ ಎರಡು ಮಾತು. ಶೂ ಅಡಿಯ ಹಲ್ಲು 4 ಮಿ.ಮೀ. ಆಸುಪಾಸು ಇದ್ದರೆ ಸಾಕು. 6 ಮಿ.ಮೀ. ಹಲ್ಲು ಕೆಸರಿಗೆ ಚೆನ್ನ, ಆದರೆ ಪೆಡಲ್ ಪಿನ್ ಸರಿಯಾಗಿ ಕಚ್ಚುವುದಿಲ್ಲ. ಹಳ್ಳದ ಪಾಚಿಗಲ್ಲಿಗೆ ಹಲ್ಲು ಎಷ್ಟಿದ್ದರೇನು, ಅಲ್ಲಿ ಮೆತ್ತನೆ ರಬ್ಬರೇ ಕಾಯಬೇಕು. ಅದೂ ಪೂರ್ತಿ ಕಾಯುವುದಿಲ್ಲ, ನಡೆದೇ ದಾಟಿ.

ಬೊಬ್ಬೆ ವಿಷಯ: ಹತ್ತಿ ಸಾಕ್ಸ್ ಹಾಕುತ್ತಿದ್ದೀರಿ ಅಲ್ವಾ? ಅದು ಬೆವರು ಹಿಡಿದಿಟ್ಟು ಚರ್ಮ ಮೆತ್ತಗೆ ಮಾಡುತ್ತದೆ. ತೆಳು ಉಣ್ಣೆ ಮಿಶ್ರಣದ್ದೋ ಸಿಂಥೆಟಿಕ್ಕೋ ಹಾಕಿ, ಸ್ವಲ್ಪ ಉದ್ದದ್ದು. ಅಕ್ಟೋಬರಿನಲ್ಲೂ ನಮ್ಮ ಕಡೆ ನನ್ನ ಹೆಸರಿನವರು, ಅಂದರೆ ಜಿಗಣೆಗಳು, ಕಾಯುತ್ತಿರುತ್ತಾರೆ.

ಮಣ್ಣುದಾರಿ:
ಹೌದು, ಹತ್ತಿಯದೇ! ಪೆಡಲ್, ಸಾಕ್ಸ್ ಎರಡೂ ಬದಲಾಯಿಸಿದೆ. ಜೋಮು ಹೋಯಿತು. ಬಲಗಾಲಿನ ಬೊಬ್ಬೆಯೂ ಇಲ್ಲ. ಎಡ ಹಿಮ್ಮಡಿ ಮಾತ್ರ ಇನ್ನೂ ಉಜ್ಜುತ್ತಿದೆ.

ಘಾಟಿಸೈಕಲ್:
ಓಟಕ್ಕೆ ಇಳಿದಾಗ ಲೇಸ್ ಮತ್ತೆ ಬಿಗಿ ಮಾಡುತ್ತಿದ್ದೀರಾ? ಹೌದಾದರೆ ಎಡ ಶೂ ಒಳಗೆ ಕೈ ಹಾಕಿ ನೋಡಿ. ಹಿಮ್ಮಡಿಯ ಬಟ್ಟೆ ಸವೆದು ಗಟ್ಟಿ ಭಾಗ ಕೈಗೆ ಸಿಕ್ಕರೆ ಆ ಜೊತೆ ರೇಸಿಗೆ ಆಗುವುದಿಲ್ಲ. ಹೊಸದನ್ನು ಈಗಲೇ ಕೊಂಡು ಪಳಗಿಸಿ, ರೇಸಿನ ವಾರದವರೆಗೆ ಕಾಯಬೇಡಿ. ಪಾದ ಊದಿರುವ ಸಂಜೆ ಹೊತ್ತಿಗೆ ಹೋಗಿ, ಅದೇ ಹೊಸ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ.