ಮನೆಗೆಲಸದವರಿಗೆ ಮೊಬೈಲ್ ಕಲಿಸುವ ಸಣ್ಣ ಸಂಘಕ್ಕೆ ಸರ್ಕಾರದ ಅನುದಾನ ಸಿಗುವ ದಾರಿ ಯಾವುದು?

ಪ್ರಶ್ನೆ: ಡೊಂಬಿವಲಿ ವಾಸಿ

ಎಲ್ಲರಿಗೂ ನಮಸ್ಕಾರ. ಮುಂಬಯಿ ಬಳಿಯ ಡೊಂಬಿವಲಿಯ ಒಂದು ಹಳೆಯ ಕನ್ನಡ ಸಂಘದ ಸಮಿತಿಯಲ್ಲಿದ್ದೇನೆ. ಎರಡು ವರ್ಷಗಳಿಂದ ನಾವು ಭಾನುವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಮೊಬೈಲ್ ಬಳಕೆಯ ತರಗತಿ ನಡೆಸುತ್ತಿದ್ದೇವೆ. ಬರುವವರು ಮನೆಗೆಲಸದ ಹೆಂಗಸರು, ಹೋಟೆಲಿನಲ್ಲಿ ದುಡಿಯುವವರು ಮತ್ತು ಕಟ್ಟಡ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಇಲ್ಲಿಯೇ ನೆಲೆಸಿದವರು. ಇವರಲ್ಲಿ ಹೆಚ್ಚಿನವರಿಗೆ ಮರಾಠಿ, ಹಿಂದಿ ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ. ಕನ್ನಡವಾದರೆ ಅಕ್ಷರ ಕೂಡಿಸಿಕೊಂಡು ಓದುತ್ತಾರೆ. ಆದ್ದರಿಂದ ಮೊದಲ ದಿನವೇ ಮೊಬೈಲಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಡುತ್ತೇವೆ.

ತರಗತಿಗೆ ಬರುವ ಒಬ್ಬ ಅಕ್ಕನಿಗೆ ಯಾರೋ ಫೋನು ಮಾಡಿ, ಹಣ ಕಳುಹಿಸುತ್ತೇನೆ, ಈ ಚೌಕವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದರಂತೆ. ಆಕೆಯ ಖಾತೆಯಿಂದ 2,000 ರೂಪಾಯಿ ಹೋಯಿತು. ಹಣ ಬರುವುದಕ್ಕೆ ಪಿನ್ ಬೇಕಾಗಿಲ್ಲ, ಹೋಗುವುದಕ್ಕೆ ಮಾತ್ರ ಬೇಕು ಎಂಬ ಒಂದೇ ಮಾತನ್ನು ಮನದಟ್ಟು ಮಾಡಿಸಲು ನಮಗೆ ಮೂರು ಭಾನುವಾರಗಳು ಹಿಡಿದವು. ಪಾತ್ರೆ ತಿಕ್ಕಿ ಬೆರಳ ತುದಿ ಸವೆದಿರುವುದರಿಂದ ಆಕೆಯ ಮೊಬೈಲಿನ ಬೆರಳಚ್ಚು ಬೀಗವೂ ತೆರೆಯುವುದಿಲ್ಲ. ಅದಕ್ಕೆ ಬೇರೆ ಉಪಾಯ ಹುಡುಕಬೇಕಾಯಿತು.

ಕಲಿಸುವ ಇಬ್ಬರು ಯುವಕರ ಗೌರವಧನ, ಇಂಟರ್ನೆಟ್, ಚಹಾ ಎಲ್ಲ ಸೇರಿ ತಿಂಗಳಿಗೆ ಸುಮಾರು 9,000 ರೂಪಾಯಿ ಖರ್ಚಾಗುತ್ತದೆ. ಇದುವರೆಗೆ ಸದಸ್ಯರ ಕೈಯಿಂದಲೇ ನಡೆದಿದೆ. ಕೇಂದ್ರ ಸರ್ಕಾರವು ಡಿಜಿಟಲ್ ಸಾಕ್ಷರತೆಗೆ ಸಾವಿರಾರು ಕೋಟಿ ಕೊಟ್ಟಿದೆ ಎಂದು ಓದಿದ್ದೇನೆ. ಅದರಲ್ಲಿ ನಮ್ಮಂಥ ಸಂಘಕ್ಕೆ ಏನಾದರೂ ದೊರೆಯುವುದೇ? ಅರ್ಜಿಯನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ: ಪುಣೆಯಿಂದ ಒಬ್ಬ ಮಾಜಿ ತರಬೇತುದಾರ

ತಾವು ಓದಿರುವುದು ಬಹುಶಃ ಪ್ರಧಾನ ಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನದ ಬಗ್ಗೆ. 2017ರಲ್ಲಿ 2,351.38 ಕೋಟಿ ರೂಪಾಯಿಗಳ ಅಂದಾಜಿನಲ್ಲಿ, ಮನೆಗೊಬ್ಬರಂತೆ 6 ಕೋಟಿ ಗ್ರಾಮೀಣ ಜನರಿಗೆ ಕಲಿಸುವ ಗುರಿಯೊಂದಿಗೆ ಮಂಜೂರಾದ ಯೋಜನೆ ಅದು. 2024ರ ಮಾರ್ಚ್ 31ಕ್ಕೆ ಮುಗಿದಿದೆ. ಮುಗಿಯದೇ ಇದ್ದರೂ ನಿಮಗೆ ಸಿಗುತ್ತಿರಲಿಲ್ಲ, ಏಕೆಂದರೆ ಹೆಸರಿನಲ್ಲಿಯೇ ಇರುವಂತೆ ಅದು ಹಳ್ಳಿಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಯಾದಗಿರಿಯ ಹಳ್ಳಿಯಲ್ಲಿದ್ದಾಗ ಫಲಾನುಭವಿಯಾಗಬಹುದಾಗಿದ್ದ ಹೆಂಗಸು ಡೊಂಬಿವಲಿಯ ವಠಾರಕ್ಕೆ ಬಂದ ಕೂಡಲೇ ಯೋಜನೆಯ ಲೆಕ್ಕದಿಂದ ಹೊರಗಾದಳು.

ಆ ಯೋಜನೆಯಡಿ ಪುಣೆ ಜಿಲ್ಲೆಯ ಹಳ್ಳಿಗಳಲ್ಲಿ ಕಲಿಸಿದ ಒಂದು ಸಂಸ್ಥೆಯಲ್ಲಿ ನಾನು ಕೆಲಸ ಮಾಡಿದ್ದೇನೆ. ಸರ್ಕಾರದ ಹಣ ಹೇಗೆ ಬರುತ್ತದೆ ಎಂಬುದು ನಿಮಗೆ ಉಪಯೋಗವಾಗಬಹುದಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಪಾಠ 20 ಗಂಟೆಗಳದು, 14ರಿಂದ 60 ವರ್ಷದವರಿಗೆ. ಕಲಿತವರು ಆನ್‌ಲೈನ್ ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆದ ಮೇಲೆ ಸಂಸ್ಥೆಗೆ ತಲೆಗೆ 300 ರೂಪಾಯಿ. ಕಲಿಸಿದ್ದಕ್ಕೆ ಹಣವಿರಲಿಲ್ಲ, ತೇರ್ಗಡೆಯಾದದ್ದಕ್ಕೆ ಇತ್ತು. ಹೀಗಾದಾಗ ಏನಾಗುತ್ತದೆಂಬುದನ್ನು ನಾನು ಹತ್ತಿರದಿಂದ ನೋಡಿದೆ. ನಮ್ಮ ತಂಡದವರು ಮೊದಲು ಹತ್ತನೆಯ ತರಗತಿ ಓದಿದ ಹುಡುಗರ ಹೆಸರು ಬರೆದುಕೊಳ್ಳುತ್ತಿದ್ದರು. ಅವರ ಅಜ್ಜಿಯರು ಹೊಸ್ತಿಲಲ್ಲಿ ಕುಳಿತು ನೋಡುತ್ತಿದ್ದರು. ಅಜ್ಜಿಗೆ 20 ಗಂಟೆ ಸಾಲದು, ಪರೀಕ್ಷೆಯಲ್ಲಿ ಕೈ ನಡುಗುತ್ತದೆ, ಹಾಗಾಗಿ 300 ರೂಪಾಯಿ ಬರುವುದಿಲ್ಲ. ಇದು ಯಾರೊಬ್ಬರ ಅಪ್ರಾಮಾಣಿಕತೆಯಲ್ಲ. ಬಾಡಿಗೆ, ಲ್ಯಾಪ್‌ಟಾಪ್, ಸಂಬಳ ಎಲ್ಲವನ್ನೂ ಮೊದಲೇ ಕೈಯಿಂದ ಹಾಕಿ, ಹಣಕ್ಕಾಗಿ ತಿಂಗಳುಗಟ್ಟಲೆ ಕಾಯುವ ಸಂಸ್ಥೆ ಬೇರೆ ಏನು ಮಾಡೀತು? ನಿಮ್ಮ ಮೂರು ಭಾನುವಾರಗಳ ಪಾಠಕ್ಕೆ ಅಂಥ ಯೋಜನೆಯಲ್ಲಿ ಜಾಗವೇ ಇಲ್ಲ.

ನಿಮಗೆ ಹೊಂದಬಹುದಾದ ಇನ್ನೊಂದು ದಾರಿ ಜನ ಶಿಕ್ಷಣ ಸಂಸ್ಥಾನ. ಇದರ ಮೂಲ ನಿಮ್ಮ ಮುಂಬಯಿಯೇ: 1967ರಲ್ಲಿ ಗಿರಣಿ, ಕಾರ್ಖಾನೆಗಳ ಕಾರ್ಮಿಕರಿಗಾಗಿ ಅಲ್ಲಿ ಆರಂಭವಾದ ಮೊದಲ ಶ್ರಮಿಕ ವಿದ್ಯಾಪೀಠದಿಂದ ಇದು ಬೆಳೆಯಿತು, 2000ದಲ್ಲಿ ಈಗಿನ ಹೆಸರು ಬಂತು, 2018ರಲ್ಲಿ ಕೌಶಲ್ಯಾಭಿವೃದ್ಧಿ ಸಚಿವಾಲಯದ ಕೆಳಗೆ ಬಂತು. ಇವನ್ನು ಸ್ವಯಂಸೇವಾ ಸಂಸ್ಥೆಗಳೇ ನಡೆಸುತ್ತವೆ, ಹಣ ಕೇಂದ್ರದ್ದು. ಅಕ್ಷರ ಬಾರದವರಿಗೆ, ಅರ್ಧಕ್ಕೆ ಶಾಲೆ ಬಿಟ್ಟವರಿಗೆ ಅವರಿರುವ ಕೇರಿಯಲ್ಲಿಯೇ ತರಗತಿ ನಡೆಸುವುದು ಇವುಗಳ ಕೆಲಸ. ನೀವೇ ಅಂಥ ಸಂಸ್ಥಾನವಾಗಲು ಹೊರಡಬೇಡಿ. ನಿಮ್ಮ ಜಿಲ್ಲೆಯ ಸಂಸ್ಥಾನದ ನಿರ್ದೇಶಕರನ್ನು ಕಂಡು, ನಮ್ಮ ಸಭಾಂಗಣದಲ್ಲಿ ನಿಮ್ಮದೊಂದು ತರಗತಿ ನಡೆಸಿ ಎಂದು ಕೇಳಿ. ಅವರಿಗೂ ಜಾಗ ಮತ್ತು ಜನ ಬೇಕಾಗಿರುತ್ತಾರೆ.

ಉತ್ತರ: ಠಾಣೆಯ ಲೆಕ್ಕಪರಿಶೋಧಕ

ಹಿಂದಿನ ಉತ್ತರದಲ್ಲಿ ಹೇಳಿರುವ ತಲೆಲೆಕ್ಕದ ದೋಷವನ್ನು ಒಪ್ಪುತ್ತೇನೆ. ಆದರೆ ಎಣಿಕೆಯೇ ಇಲ್ಲದೆ ಸಾರ್ವಜನಿಕ ಹಣ ಕೊಡಲು ಸಾಧ್ಯವಿಲ್ಲ ಎಂಬುದನ್ನೂ ಒಪ್ಪಬೇಕು. ಹಾಜರಿ ಪುಸ್ತಕವಿಲ್ಲದ ಸಂಘಗಳು ನನ್ನ ಬಳಿಗೆ ಅನುದಾನದ ಅರ್ಜಿ ಹಿಡಿದು ಬರುವುದನ್ನು ಪ್ರತಿ ವರ್ಷ ನೋಡುತ್ತೇನೆ.

ಯೋಜನೆ ಹುಡುಕುವ ಮೊದಲು ನಿಮ್ಮ ಕಾಗದಪತ್ರಗಳನ್ನು ನೋಡಿಕೊಳ್ಳಿ. ಮಹಾರಾಷ್ಟ್ರದಲ್ಲಿ ಸಂಘವು 1860ರ ಸೊಸೈಟಿ ಕಾಯ್ದೆಯ ಜೊತೆಗೆ 1950ರ ಸಾರ್ವಜನಿಕ ನ್ಯಾಸ (ಟ್ರಸ್ಟ್) ಕಾಯ್ದೆಯಡಿಯೂ ನೋಂದಣಿಯಾಗಿರುತ್ತದೆ. ಪದಾಧಿಕಾರಿಗಳು ಬದಲಾದಾಗ 90 ದಿನಗಳೊಳಗೆ ಇಂಥ ನ್ಯಾಸಗಳನ್ನು ನೋಡಿಕೊಳ್ಳುವ ಚ್ಯಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್ (ಬದಲಾವಣೆಯ ವರದಿ) ಸಲ್ಲಿಸಬೇಕು. ನಾನು ಕಂಡ ಹಳೆಯ ಕನ್ನಡ ಸಂಘಗಳಲ್ಲಿ ಮುಕ್ಕಾಲು ಪಾಲು ಎಡವುವುದು ಇಲ್ಲಿಯೇ: ದಾಖಲೆಯ ಪ್ರಕಾರ ಸಂಘವನ್ನು ಎಂದೋ ತೀರಿಕೊಂಡವರು ನಡೆಸುತ್ತಿರುತ್ತಾರೆ. ಇದನ್ನು ಸರಿಪಡಿಸಿಕೊಂಡ ಮೇಲೆ ಎನ್‌ಜಿಒ ದರ್ಪಣ್ ಎಂಬ ಕೇಂದ್ರ ಸರ್ಕಾರದ ಪೋರ್ಟಲಿನಲ್ಲಿ ಗುರುತಿನ ಸಂಖ್ಯೆ ಪಡೆಯಿರಿ. ಕೇಂದ್ರದ ಅನುದಾನಕ್ಕೆ ಅದಿಲ್ಲದೆ ಬಾಗಿಲು ತೆರೆಯುವುದಿಲ್ಲ.

ಅನುದಾನ ಬಂತೆಂದೇ ಇಟ್ಟುಕೊಳ್ಳೋಣ. 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಯಾವ ಕೆಲಸಕ್ಕೆ ಕೊಟ್ಟರೋ ಅದಕ್ಕೇ ಖರ್ಚು ಮಾಡಿ, ಹಣ ಬಳಕೆ ಪ್ರಮಾಣಪತ್ರ ಕೊಡಬೇಕು; ಅದು ತಲುಪದಿದ್ದರೆ ಮುಂದಿನ ಕಂತು ಬರುವುದಿಲ್ಲ. ಆ ಹಣಕ್ಕೆ ಬ್ಯಾಂಕಿನಲ್ಲಿ ಬಂದ ಬಡ್ಡಿಯನ್ನೂ ಸರ್ಕಾರಕ್ಕೆ ಮರಳಿಸಬೇಕು. ಅನುದಾನದಿಂದ ಕೊಂಡ ಕಂಪ್ಯೂಟರನ್ನು ಅನುಮತಿಯಿಲ್ಲದೆ ಮಾರುವಂತಿಲ್ಲ. ತಿಂಗಳಿಗೆ 9,000 ರೂಪಾಯಿಯ ಕೆಲಸಕ್ಕೆ ಇಷ್ಟೆಲ್ಲ ಲೆಕ್ಕ ಇಡುವ ವ್ಯಕ್ತಿ ನಿಮ್ಮಲ್ಲಿ ಇದ್ದಾರೆಯೇ? ನನ್ನ ಶುಲ್ಕವೇ ಅದಕ್ಕಿಂತ ಹೆಚ್ಚಾದೀತು.

ಆದ್ದರಿಂದ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್‌ಆರ್ ಹಣವನ್ನು ವಿಚಾರಿಸಿ. ಅದು ಸರ್ಕಾರದ ಖಜಾನೆಯದಲ್ಲ, ಆದರೆ ಕಾನೂನಿನಿಂದ ಹುಟ್ಟಿದ್ದು: 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಇಂಥ ಕೆಲಸಗಳಿಗೆ ವ್ಯಯಿಸಬೇಕು. ಹಣ ಪಡೆಯುವ ಹೊರಗಿನ ಸಂಸ್ಥೆಗೆ ಆದಾಯ ತೆರಿಗೆಯ 12ಎ ಮತ್ತು 80ಜಿ ನೋಂದಣಿ, ಮೂರು ವರ್ಷಗಳ ಕೆಲಸದ ದಾಖಲೆ, ಸಿಎಸ್‌ಆರ್-1 ನಮೂನೆ ಸಲ್ಲಿಸಿ ಪಡೆದ ನೋಂದಣಿ ಸಂಖ್ಯೆ ಇರಬೇಕು. ಕೆಲವು ಕಂಪನಿಗಳ ಸಿಬ್ಬಂದಿ ಶೇ. 5ರ ಆಡಳಿತ ವೆಚ್ಚದ ಮಿತಿಯನ್ನು ತೋರಿಸಿ, ಶಿಕ್ಷಕರ ಗೌರವಧನ ಕೊಡಲಾಗದು ಎನ್ನುತ್ತಾರೆ. ಅದು ತಪ್ಪು ಓದು. ಆ ಮಿತಿ ಕಂಪನಿಯ ಸ್ವಂತ ಸಿಎಸ್‌ಆರ್ ವಿಭಾಗದ ಆಡಳಿತಕ್ಕೆ ಸಂಬಂಧಿಸಿದ್ದು. ಕಲಿಸುವವರ ಗೌರವಧನ ಯೋಜನೆಯ ವೆಚ್ಚವೇ. ಮಾತುಕತೆಯಲ್ಲಿ ಇದನ್ನು ಬಿಟ್ಟುಕೊಡಬೇಡಿ.

ಉತ್ತರ: ಗೋವಾದ ವಾಸ್ಕೊದಿಂದ

ಮೇಲಿನ ಇಬ್ಬರೂ ಬಲ್ಲವರು. ನನ್ನದು ಎರಡೇ ಮಾತು. ನಾವು ಇಲ್ಲಿ ಗದಗ, ಬಾಗಲಕೋಟೆ, ಕೊಪ್ಪಳದಿಂದ ಬಂದ ಕಟ್ಟಡ ಕೆಲಸಗಾರರ ನಡುವೆ ಇದೇ ಕೆಲಸ ಮಾಡುತ್ತೇವೆ. ಕರ್ನಾಟಕದಿಂದ ಹೊರನಾಡು ಸಂಘಗಳಿಗೆ ಬರುವ ನೆರವನ್ನೂ ವಿಚಾರಿಸಿದ್ದೆವು. ಅದರ ಉದ್ದೇಶ ಭಾಷೆ, ಸಂಸ್ಕೃತಿ, ಕನ್ನಡ ಶಾಲೆ. ರಾಜ್ಯೋತ್ಸವಕ್ಕೆ ಸುಲಭವಾಗಿ ಹೊಂದುತ್ತದೆ, ಯುಪಿಐ ಪಾಠಕ್ಕೆ ಅಷ್ಟು ಸುಲಭವಲ್ಲ.

ಎರಡನೆಯದು: ಹಣವನ್ನು ಸಂಘಕ್ಕೇ ತರಬೇಕೆಂಬ ಹಟ ಏಕೆ? ನಿಮ್ಮಲ್ಲಿಗೆ ಬರುವ ಕಟ್ಟಡ ಕಾರ್ಮಿಕರು ವರ್ಷದಲ್ಲಿ 90 ದಿನ ದುಡಿದಿದ್ದರೆ ಮಹಾರಾಷ್ಟ್ರದ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಅವರ ಇಬ್ಬರು ಮಕ್ಕಳ ಎಂಎಸ್-ಸಿಐಟಿ ಎಂಬ ಕಂಪ್ಯೂಟರ್ ಕೋರ್ಸಿನ ಶುಲ್ಕವನ್ನು ಮಂಡಳಿ ಮರಳಿ ಕೊಡುತ್ತದೆ. ನೋಂದಣಿ ಆನ್‌ಲೈನ್ ಆದ್ದರಿಂದ ಅದನ್ನು ತುಂಬುವುದನ್ನೇ ಒಂದು ಪಾಠವಾಗಿ ಮಾಡಿಕೊಳ್ಳಿ. ನಾವು ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡನ್ನು ಹೀಗೆಯೇ ಕಲಿಸಿದೆವು. ಪಾಠ ಮುಗಿದಾಗ ಕೈಯಲ್ಲಿ ಕಾರ್ಡಿತ್ತು, ಮುಂದಿನ ವಾರ ಹೇಳದೆಯೇ ಜನ ಬಂದರು.

ಮತ್ತೆ ಡೊಂಬಿವಲಿ ವಾಸಿ

ಎಲ್ಲರಿಗೂ ಕೃತಜ್ಞತೆಗಳು. ಚೇಂಜ್ ರಿಪೋರ್ಟಿನ ವಿಷಯ ಓದಿ ನಿನ್ನೆ ಕಪಾಟಿನ ಕಡತ ತೆಗೆಸಿದೆ. ದಾಖಲೆಯಲ್ಲಿ ಅಧ್ಯಕ್ಷರೆಂದು ಇರುವವರು ಸ್ವರ್ಗಸ್ಥರಾಗಿ ಆರು ವರ್ಷಗಳಾದವು. ಅವರ ಭಾವಚಿತ್ರಕ್ಕೆ ನಾವೇ ಹಾರ ಹಾಕುತ್ತೇವೆ. ಈ ಭಾನುವಾರ ಕಟ್ಟಡ ಕಾರ್ಮಿಕರ ನೋಂದಣಿಯನ್ನೇ ಪಾಠವಾಗಿ ಇಟ್ಟುಕೊಂಡಿದ್ದೇವೆ, ಹಾಜರಿ ಪುಸ್ತಕವನ್ನೂ ತಂದಿದ್ದೇನೆ. ಠಾಣೆಯವರಿಗೆ ಒಂದು ಪ್ರಶ್ನೆ: ಆರು ವರ್ಷ ತಡವಾದ ರಿಪೋರ್ಟನ್ನು ಸ್ವೀಕರಿಸುತ್ತಾರೆಯೇ?

ಠಾಣೆಯ ಲೆಕ್ಕಪರಿಶೋಧಕ

ಸ್ವೀಕರಿಸುತ್ತಾರೆ. ವಿಳಂಬ ಮನ್ನಿಸುವಂತೆ ಪ್ರತ್ಯೇಕ ಅರ್ಜಿ ಕೊಟ್ಟು ಕಾರಣ ತಿಳಿಸಬೇಕು. ಮರಣ ಪ್ರಮಾಣಪತ್ರ, ಹೊಸಬರನ್ನು ಆರಿಸಿದ ಸಭೆಯ ನಡಾವಳಿ, ಸಭೆ ಕರೆದ ನೋಟೀಸು ಇವನ್ನು ಮೊದಲು ಹುಡುಕಿಡಿ. ನಡಾವಳಿ ಪುಸ್ತಕ ಕನ್ನಡದಲ್ಲಿದ್ದರೆ ಮರಾಠಿ ಅಥವಾ ಇಂಗ್ಲಿಷ್ ಅನುವಾದವನ್ನೂ ಸಿದ್ಧಪಡಿಸಿಕೊಳ್ಳಿ.