ಹಾಜರಿ ಕಮ್ಮಿ ಅಂತ ಪರೀಕ್ಷೆಗೆ ಬಿಡ್ತಿಲ್ಲ, ಅಪೀಲು ಯಾರಿಗೆ ಹಾಕಬೇಕು?

ಮಂಡ್ಯ_ಬಿಕಾಂ:
ಡೆಂಗ್ಯೂ ಬಂದು ಮಲಗಿದ್ದೆ, ಹಾಜರಿ ಶೇ. 75ಕ್ಕಿಂತ ಕೆಳಗೆ ಇಳಿದಿದೆ. ಎಚ್‌ಓಡಿ ಪ್ರಿನ್ಸಿಪಾಲರನ್ನು ಕೇಳು ಅಂತಾರೆ. ಪ್ರಿನ್ಸಿಪಾಲರು "ಯೂನಿವರ್ಸಿಟಿ ರೂಲಪ್ಪ, ನಮ್ಮ ಕೈಯಲ್ಲಿಲ್ಲ" ಅಂತಾರೆ. ಹಾಗಾದ್ರೆ ಯಾರ ಕೈಯಲ್ಲಿದೆ?

ಸರಸ್ವತಿಪುರಂ_ಮೇಷ್ಟ್ರು:
ಸಿಲಬಸ್ ತಯಾರಾಗೋದು ಆ ವಿಷಯದ ಅಧ್ಯಯನ ಮಂಡಳಿಯಲ್ಲಿ. ಹಾಜರಿ, ಪರೀಕ್ಷೆ ಇಂಥ ನಿಯಮಗಳನ್ನು ನೋಡೋದು ಅಕಾಡೆಮಿಕ್ ಕೌನ್ಸಿಲ್. ಎರಡರಲ್ಲೂ ಪಾಠ ಮಾಡೋ ಪ್ರೊಫೆಸರುಗಳೇ ಜಾಸ್ತಿ ಇರ್ತಾರೆ, ಆದ್ದರಿಂದ ಯೂನಿವರ್ಸಿಟಿ ರೂಲು ಅಂದ ಮಾತ್ರಕ್ಕೆ ಅದು ಆಕಾಶದಿಂದ ಬಿದ್ದದ್ದೇನಲ್ಲ. ನಿಮ್ಮ ಕೋರ್ಸಿನ ನಿಯಮಾವಳಿ ತೆಗೆದು ಅನಾರೋಗ್ಯಕ್ಕೆ ರಿಯಾಯಿತಿ ಇದೆಯಾ ನೋಡಿ. ಇದ್ದರೆ ಡಿಸ್ಚಾರ್ಜ್ ಸಮರಿ, ಪ್ಲೇಟ್‌ಲೆಟ್ ರಿಪೋರ್ಟು ಲಗತ್ತಿಸಿ ಬರಹದಲ್ಲೇ ಅರ್ಜಿ ಕೊಡಿ. ಸೀಲು ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಬಾಯಿಮಾತಿಗೆ ನಮ್ಮ ಆಫೀಸುಗಳಲ್ಲಿ ಬೆಲೆ ಇಲ್ಲ, ಗೊತ್ತಲ್ವಾ.

ಕುವೆಂಪುನಗರ_ಹುಡುಗಿ:
ಅರ್ಜಿಗೆ ಉತ್ತರವೇ ಬರದಿದ್ದರೆ ಕಾಲೇಜಿನ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ಹೋಗಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರ ನಿಯಮದ ಪ್ರಕಾರ ಆ ಸಮಿತಿಗೆ ಪ್ರೊಫೆಸರೊಬ್ಬರು ಅಧ್ಯಕ್ಷರು, ಜೊತೆಗೆ ನಾಲ್ವರು ಹಿರಿಯ ಅಧ್ಯಾಪಕರು, ವಿಶೇಷ ಆಹ್ವಾನಿತರಾಗಿ ಒಬ್ಬ ವಿದ್ಯಾರ್ಥಿ. ದೂರು ಬಂದ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅಲ್ಲೂ ಆಗದಿದ್ದರೆ ಸಮಿತಿಯ ತೀರ್ಮಾನ ಕೈಗೆ ಬಂದ 15 ದಿನದೊಳಗೆ ಓಂಬಡ್ಸ್‌ಪರ್ಸನ್‌ಗೆ, ಅಂದ್ರೆ ವಿದ್ಯಾರ್ಥಿಗಳ ಮೇಲ್ಮನವಿ ಕೇಳೋಕೆ ಯೂನಿವರ್ಸಿಟಿ ನೇಮಿಸಿದವರಿಗೆ, ಮೇಲ್ಮನವಿ.

ಮಂಡ್ಯ_ಬಿಕಾಂ:
ಥ್ಯಾಂಕ್ಸ್ ಮೇಡಂ. ನನ್ನ ಫ್ರೆಂಡಿಗೆ ಮಾರ್ಕ್ಸ್ ಕಮ್ಮಿ ಬಂದಿದೆ, ಅವನೂ ಅಲ್ಲಿಗೇ ಹೋಗಬಹುದಾ?

ಸರಸ್ವತಿಪುರಂ_ಮೇಷ್ಟ್ರು:
ಸುಮ್ನೆ ಮಾರ್ಕ್ಸ್ ಕಮ್ಮಿ ಅಂತ ಹೋದರೆ ಓಂಬಡ್ಸ್‌ಪರ್ಸನ್ ತೆಗೆದುಕೊಳ್ಳಲ್ಲ. ಫಲಿತಾಂಶವನ್ನೇ ಬದಲಿಸುವಂಥ ಅಕ್ರಮ ಅಥವಾ ತಾರತಮ್ಯ ತೋರಿಸಬೇಕು. ಅವನು ಮೊದಲು ಮರುಮೌಲ್ಯಮಾಪನಕ್ಕೆ ಹಾಕಲಿ, ಕೊನೇ ದಿನಾಂಕ ನೋಡಿಕೊಂಡು.